ಸಾಕಳಿ ಮೊದಲೋ, ಕಂಬ ಮೊದಲೋ: ಜತ್ತ ಸೀಮೆಯ ಕ್ರೋಶಾ ಹೆಣಿಗೆಯ ಚರಿತ್ರೆಗೆ ಒಂದು ಪ್ರವೇಶ

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ.

ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು, ಉಮದಿ ಕಡೆಯ ಒಂದು ಹಳ್ಳಿ. ಗಡಿನಾಡಿನ ಚರಿತ್ರೆ ಅಂದ ಕೂಡಲೇ ಶಾಸನ, ಸಂಸ್ಥಾನ, ಆಯೋಗ, ಠರಾವು ಇವೇ ನೆನಪಾಗುತ್ತವೆ. ನಾನು ಇವತ್ತು ಮಾತಾಡೋದು ಬಾಗಿಲ ತೋರಣ, ಮೇಜಿನ ಹೊದಿಕೆ ಹೆಣೆಯುವ ಕ್ರೋಶಾ ಸೂಜಿಯ ಬಗ್ಗೆ. ಅದರಲ್ಲೂ ಒಂದು ಸಣ್ಣ ಪ್ರಶ್ನೆಯ ಬಗ್ಗೆ: ಹೆಣಿಗೆಯ ಮೊದಲನೆಯ ಸಾಲನ್ನು ಹೇಗೆ ಶುರು ಮಾಡೋದು?

ಮೊದಲು ಸ್ಥಳದ ಹಿನ್ನೆಲೆ ಹೇಳ್ತೀನಿ. ಡಫಳೆ ಮನೆತನದ ಜತ್ತ ಸಂಸ್ಥಾನ ಬ್ರಿಟಿಷರ ಕಾಲದಲ್ಲಿ ಬಿಜಾಪುರ ಏಜೆನ್ಸಿಯಲ್ಲಿತ್ತು. 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು, ಆಮೇಲೆ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1956ರಲ್ಲಿ ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬೈ ರಾಜ್ಯದಲ್ಲೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರವಾಯಿತು, ಜಿಲ್ಲೆಯ ಹೆಸರು ಸಾಂಗಲಿಯಾಯಿತು. ಊರು ಮಾತ್ರ ಅಲ್ಲೇ ಇತ್ತು. ನಮ್ಮ ಪೂರ್ವಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ, ಸಂತೆಯಲ್ಲಿ ಎರಡೂ.

ಈಗ ಸೂಜಿಗೆ ಬರೋಣ. ಕ್ರೋಶಾ ಅನ್ನೋದು ಫ್ರೆಂಚ್ ಮೂಲದ ಮಾತು, ಅರ್ಥ ಸಣ್ಣ ಕೊಕ್ಕೆ. 19ನೇ ಶತಮಾನದಲ್ಲಿ ಇದು ಯುರೋಪಿನಲ್ಲಿ ಹಬ್ಬಿತು. 1845ರಿಂದ ಶುರುವಾದ ಐರ್ಲೆಂಡಿನ ಮಹಾಕ್ಷಾಮದಲ್ಲಿ ಕಾನ್ವೆಂಟುಗಳು ಕಲಿಸಿದ ಕ್ರೋಶಾ ಲೇಸ್ ಎಷ್ಟೋ ಬಡ ಕುಟುಂಬಗಳ ಹೊಟ್ಟೆ ತುಂಬಿಸಿತು. ಅದೇ ಶತಮಾನದಲ್ಲಿ ಮಿಶನರಿಗಳು ಇದನ್ನು ಆಂಧ್ರದ ಗೋದಾವರಿ ತೀರಕ್ಕೆ ತಂದರು, ನರಸಾಪುರದ ಲೇಸ್ ಅಲ್ಲಿಂದ ಬೆಳೆಯಿತು. ಕನ್ನಡ ನಾಡಿಗೆ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನ್, ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದುಬರಹದ ಜೊತೆ ಸೂಜಿಯ ಕೆಲಸ ಕಲಿಸುತ್ತಿತ್ತು. ಮರಾಠಿ ಸೀಮೆಯಲ್ಲಿ 1909ರ ಪುಣೆ ಸೇವಾಸದನ ವಿಧವೆಯರಿಗೆ, ಗೃಹಿಣಿಯರಿಗೆ ಹೊಲಿಗೆ ಮತ್ತು ಕೈಕೆಲಸದ ತರಗತಿ ನಡೆಸಿತು. ಅದನ್ನು ಕಟ್ಟಿದ ರಮಾಬಾಯಿ ರಾನಡೆ ಹುಟ್ಟಿದ್ದು ನಮ್ಮ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲೇ.

ನಮ್ಮ ಮನೆಗೆ ಸೂಜಿ ಯಾವ ದಾರಿಯಿಂದ ಬಂತು ಅನ್ನೋದಕ್ಕೆ ನನ್ನ ಹತ್ತಿರ ಕಾಗದದ ಆಧಾರ ಇಲ್ಲ. ಆದರೆ ಶಬ್ದಗಳ ಆಧಾರ ಇದೆ. ನನ್ನ ದೊಡ್ಡವ್ವ 1970ರ ಆಸುಪಾಸಿನಲ್ಲಿ, ಊರಿಗೆ ಬಂದಿದ್ದ ಮಿರಜ ಕಡೆಯ ಮಾಸ್ತರರ ಹೆಂಡತಿಯಿಂದ ಇದನ್ನು ಕಲಿತಳು. ಮರಾಠಿಯಲ್ಲಿ ಈ ಕೆಲಸದ ಮೂಲ ಶಬ್ದಗಳು ಮೂರು: ಸಾಖಳಿ, ಖಾಂಬ, ಮುಕಾ ಖಾಂಬ. ದೊಡ್ಡವ್ವನ ಬಾಯಲ್ಲಿ ಅವು ಸಾಕಳಿ, ಕಂಬ, ಮೂಕ ಕಂಬ. ಸಾಕಳಿ ಅಂದರೆ ಒಂದರೊಳಗೊಂದು ಎಳೆದ ಕುಣಿಕೆಗಳ ಸರ. ಅದರ ಮೇಲೆ ನಿಲ್ಲೋ ಉದ್ದನೆಯ ಟಾಕಾ ಕಂಬ. ಕಂಬಗಳಲ್ಲಿ ಗಿಡ್ಡ ಟಾಕಾ ಮೂಕ ಕಂಬ.

ನಾನು ಇವನ್ನು ಮರಾಠಿ ಶಬ್ದಗಳ ಪಟ್ಟಿಗೆ ಸೇರಿಸಿ ಬರೆದುಕೊಂಡಿದ್ದೆ. ಆಮೇಲೆ ಕೈ ತಡೀತು. ಖಾಂಬವೂ ಕನ್ನಡದ ಕಂಬವೂ ಸಂಸ್ಕೃತದ ಸ್ಕಂಭದಿಂದ ಬಂದವು. ಸಾಖಳಿಯೂ ನಮ್ಮ ಸಂಕಲೆಯೂ ಶೃಂಖಲೆಯ ಮಕ್ಕಳು. ಮೂಕ ಎರಡೂ ಕಡೆ ಮೂಕವೇ. ದೊಡ್ಡವ್ವ ಮರಾಠಿಯಿಂದ ತಂದಳೋ, ಕನ್ನಡದಲ್ಲಿ ಇದ್ದದ್ದಕ್ಕೇ ಹೊಸ ಕೆಲಸ ಕೊಟ್ಟಳೋ? ಕೇಳಿದೆ. “ಕಂಬಕ್ಕ ಕಂಬ ಅನ್ನದ ಮತ್ತೇನ ಅನ್ಬೇಕವಾ?” ಅಂದಳು.

ಇನ್ನು ಶುರುವಾತಿನ ಪ್ರಶ್ನೆ. ರೂಢಿಯ ಕ್ರಮ ಹೀಗಿದೆ. ಮೊದಲು ಬೇಕಾದಷ್ಟು ಉದ್ದದ ಸಾಕಳಿ, ಆಮೇಲೆ ಅದರ ಮೇಲೆ ವಾಪಸ್ ಬರುತ್ತಾ ಮೊದಲನೆಯ ಸಾಲು. 120 ಮೂಕ ಕಂಬ ಬೇಕಾದರೆ 121 ಸಾಕಳಿ ಹಾಕಬೇಕು, ಒಂದು ತಿರುಗಲಿಕ್ಕೆ. ಇದರಲ್ಲಿ ಎರಡು ತೊಂದರೆ. ಒಂದು, ಸಾಕಳಿ ಸಾಮಾನ್ಯವಾಗಿ ಬಿಗಿಯಾಗುತ್ತದೆ. ಮೇಲಿನ ಸಾಲುಗಳು ಅಗಲವಾಗಿ, ಕೆಳಗಿನ ಅಂಚು ಎಳೆದುಕೊಂಡು ಬಿಲ್ಲಿನ ಹಾಗೆ ಬಾಗುತ್ತದೆ. ಎರಡು, ಎಣಿಕೆ ತಪ್ಪಿದರೆ ಗೊತ್ತಾಗೋದು ಮೊದಲನೆಯ ಸಾಲಿನ ಕೊನೆಯಲ್ಲಿ. ಆಗ ಎಲ್ಲಾ ಬಿಚ್ಚಬೇಕು.

ಬಾಗುವುದಕ್ಕೆ ಪುಸ್ತಕಗಳು ಹೇಳೋ ಪರಿಹಾರ, ಸಾಕಳಿಗೆ ಮಾತ್ರ ದಪ್ಪ ಸೂಜಿ ಬಳಸೋದು. ದೊಡ್ಡವ್ವನ ಹತ್ತಿರ ಇದ್ದದ್ದು ಒಂದೇ ಸೂಜಿ. ಅವಳು ಸೂಜಿಗೆ ಒಂದು ಕಸಬರಿಗೆ ಕಡ್ಡಿ ಜೋಡಿಸಿ ಹಿಡಿದು ಎರಡರ ಮೇಲೂ ಸಾಕಳಿ ಹಾಕುತ್ತಿದ್ದಳು. ಸಾಲು ಮುಗಿದ ಮೇಲೆ ಕಡ್ಡಿ ಒಲೆಗೆ. ಎಣಿಕೆಗೆ ಮಾತ್ರ ಕಣ್ಣು ಬೇಕು. ಎರಡು ವರ್ಷದ ಹಿಂದೆ ಕಣ್ಣಿಗೆ ಪೊರೆ ಬಂದು ಬಿಳಿ ದಾರದ ಸಾಕಳಿ ಕಾಣದಾಯಿತು. ಒಂದು ತೋರಣವನ್ನು ಮೂರು ಸಲ ಬಿಚ್ಚಿ, ಸೂಜಿಯನ್ನು ಟ್ರಂಕಿನಲ್ಲಿಟ್ಟಳು. “ಸಾಕಾತು ಬಿಡು” ಅಂದಳು. ಮನೆಯಲ್ಲಿ ಯಾರೂ ಅದನ್ನ ದೊಡ್ಡ ವಿಷಯ ಅಂದ್ಕೊಳ್ಳಲಿಲ್ಲ, ನಾನೂ.

ಆಮೇಲೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ನಾನು ಬೇರೆ ಶುರುವಾತು ಕಲಿತೆ. ಇದರಲ್ಲಿ ಸಾಕಳಿ ಮತ್ತು ಮೊದಲನೆಯ ಸಾಲು ಒಟ್ಟಿಗೇ ಬೆಳೆಯುತ್ತವೆ. ಮೊದಲು 2 ಸಾಕಳಿ. ಮೊದಲನೆಯ ಸಾಕಳಿಯೊಳಗೆ ಸೂಜಿ ತೂರಿಸಿ ದಾರ ಎಳೆದರೆ ಸೂಜಿಯ ಮೇಲೆ 2 ಕುಣಿಕೆ. ದಾರ ಸುತ್ತಿ ಮುಂದಿನ ಒಂದು ಕುಣಿಕೆಯಿಂದ ಮಾತ್ರ ಎಳೆಯಬೇಕು, ಇದು ಬುನಾದಿಯ ಸಾಕಳಿ. ಮತ್ತೆ ದಾರ ಸುತ್ತಿ ಎರಡೂ ಕುಣಿಕೆಯಿಂದ ಎಳೆದರೆ ಅದೇ ಮೂಕ ಕಂಬ. ಮುಂದಿನ ಟಾಕಾಕ್ಕೆ, ಈಗಷ್ಟೇ ಮಾಡಿದ ಬುನಾದಿ ಸಾಕಳಿಯ ಎರಡು ಎಳೆಗಳ ಕೆಳಗೆ ಸೂಜಿ ತೂರಿಸಿ ಇದನ್ನೇ ಮತ್ತೆ ಮಾಡೋದು. ಅಂಚು ಹಿಗ್ಗುತ್ತದೆ, ಬಾಗುವುದಿಲ್ಲ. ಮುಂಚೆ ಎಣಿಸಿ ಇಟ್ಟುಕೊಳ್ಳೋ ಹಂಗಿಲ್ಲ. ಸಾಲದಿದ್ದರೆ ಇನ್ನೆರಡು ಸೇರಿಸಬಹುದು, ಹೆಚ್ಚಾದರೆ ಅಷ್ಟನ್ನೇ ಬಿಚ್ಚಬಹುದು.

ದೊಡ್ಡವ್ವನಿಗೆ ತೋರಿಸಿದೆ. “ಬುನಾದಿ ಇಲ್ಲದ ಮನಿ ಯಾರ ಕಟ್ಟತಾರ?” ಅಂತ ಬೈದಳು. ಮುಖ ತಿರುಗಿಸಿ ಕೂತಳು. ನನಗೆ ಆಮೇಲೆ ಅರ್ಥ ಆಯ್ತು, ಐವತ್ತು ವರ್ಷದ ಕೆಲಸವನ್ನ ನಾನು ಒಂದು ವಿಡಿಯೊದಿಂದ ತಿದ್ದೋಕೆ ಹೋಗಿದ್ದೆ. ಮೂರು ದಿನ ಬಿಟ್ಟು ಅವಳೇ ಕರೆದಳು: “ತಾ ಇಲ್ಲಿ, ಇನ್ನೊಮ್ಮಿ ಮಾಡು.” ಈ ಸಲ ಕಣ್ಣಿಂದ ನೋಡಲಿಲ್ಲ, ನನ್ನ ಕೈ ಮೇಲೆ ಕೈ ಇಟ್ಟು ಕಲಿತಳು. ಇಲ್ಲಿ ಟಾಕಾ ಬೆರಳಿಗೆ ಸಿಗುತ್ತದೆ, ಗಿಡ್ಡವಾದರೂ ಗೋಡೆಯ ಹಾಗೆ ನಿಲ್ಲುತ್ತದೆ. ಸಾಕಳಿ ಬೆರಳಿಗೆ ಸಿಗೋದಿಲ್ಲ. ಪ್ರತಿ 10ಕ್ಕೆ ಒಂದು ಕೆಂಪು ದಾರದ ತುಂಡು ಕಟ್ಟಿಸಿಕೊಂಡಳು. ಅದು ವಿಡಿಯೊದಲ್ಲಿ ಇರಲಿಲ್ಲ. ಆ ಶುರುವಾತಿಗೆ “ಜೋಡ ಸಾಲು” ಅಂತ ಹೆಸರಿಟ್ಟವಳೂ ಅವಳೇ. ಕನ್ನಡದಲ್ಲಿ ಇದಕ್ಕೆ ನಾನು ಕೇಳಿದ ಮೊದಲ ಹೆಸರು ಅದು.

ಈ ಅನುಭವದಿಂದ ನಾನು ಮುಂದಿಡುವ ವಿಚಾರ ಇಷ್ಟು. ನಾವು ಚರಿತ್ರೆಯನ್ನು ಸಾಮಾನ್ಯವಾಗಿ ಹಳೆಯ ಕ್ರಮದಲ್ಲಿ ಹೆಣೆಯುತ್ತೇವೆ. ಮೊದಲು ಮೂಲದ ಸಾಕಳಿ ಪೂರ್ತಿ ಹಾಕಿ, ಅದರ ಮೇಲೆ ಜನರನ್ನು ನಿಲ್ಲಿಸುತ್ತೇವೆ: ಯುರೋಪು, ಮಿಶನ್, ಪುಣೆ, ಕೊನೆಗೆ ಹಳ್ಳಿಯ ಹೆಂಗಸು. ಆ ಕ್ರಮದಲ್ಲಿ ದೊಡ್ಡವ್ವ ಬರೀ ಕಲಿತವಳು. ಆದರೆ ಕಸಬರಿಗೆ ಕಡ್ಡಿ, ಕೆಂಪು ದಾರ, ಜೋಡ ಸಾಲು ಇವು ಯಾವ ಮೂಲದಿಂದಲೂ ಬಂದವಲ್ಲ. ಹೆಣೆಯುವಾಗಲೇ ಆ ಬುನಾದಿಯೂ ಆಯಿತು. ಗಡಿಯ ಭಾಷೆಯೂ ಹೀಗೆಯೇ ಅಂತ ನನಗೆ ಅನ್ನಿಸುತ್ತೆ. ಕನ್ನಡದ ಬುನಾದಿ, ಮೇಲೆ ಮರಾಠಿಯ ಸಾಲು ಅನ್ನೋದು 1956ರ ನಕ್ಷೆಗೆ ಸರಿ, ಕಂಬ ಅನ್ನೋ ಶಬ್ದಕ್ಕೆ ಸರಿಹೋಗೋದಿಲ್ಲ.

ಅಧ್ಯಕ್ಷರು ಕೇಳಿದ್ದಾರೆ, ಇದು ಸಾಹಿತ್ಯದ ಅಧ್ಯಯನಕ್ಕೆ ಹೇಗೆ ಸೇರುತ್ತೆ ಅಂತ. ಸರ್, 12ನೇ ಶತಮಾನದಲ್ಲಿ ನೂಲುವ ಕಾಯಕದ ಒಬ್ಬ ವಚನಕಾರ್ತಿಯನ್ನು ನಾವು ಇವತ್ತಿಗೂ ಕದಿರ ರೆಮ್ಮವ್ವೆ ಅಂತಲೇ ಕರೆಯುತ್ತೇವೆ. ಉಪಕರಣ ಅವಳ ಹೆಸರಿನಲ್ಲೇ ಉಳಿದಿದೆ. ಆದರೆ ಮಾರಿಯಾ ಮೀಸ್ ನರಸಾಪುರದ ಬಗ್ಗೆ 1982ರ ಪುಸ್ತಕದಲ್ಲಿ ತೋರಿಸಿದ ಹಾಗೆ, ಲೋಕದ ಮಾರುಕಟ್ಟೆಗೆ ಲೇಸ್ ಹೆಣೆದ ಹೆಂಗಸರನ್ನೂ ಸಮಾಜ ಬಿಡುವಿನ ಹೊತ್ತು ಕಳೆಯುವ ಗೃಹಿಣಿಯರು ಅಂತಲೇ ಎಣಿಸಿತು. ನಮ್ಮ ದೊಡ್ಡವ್ವಂದಿರ ಕೈಯಲ್ಲಿರೋ ಶಬ್ದಗಳು ಯಾವ ಕೋಶದಲ್ಲೂ ದಾಖಲಾಗದೆ ಟ್ರಂಕಿಗೆ ಹೋದರೆ, ನಷ್ಟ ನಮ್ಮ ವಿಭಾಗದ್ದು.

ದೊಡ್ಡವ್ವನ ಕಣ್ಣಿನ ಆಪರೇಶನ್ ಈ ಚಳಿಗಾಲದಲ್ಲಿ ಆಯಿತು. ಈಗ ಚೆನ್ನಾಗಿ ಕಾಣುತ್ತೆ. ತೋರಣಕ್ಕೆ ಮತ್ತೆ ಹಳೆಯ ಸಾಕಳಿಯನ್ನೇ ಹಾಕ್ತಾಳೆ, ಕಡ್ಡಿ ಜೋಡಿಸಿ. ಉದ್ದನೆಯ ಹೊದಿಕೆಗೆ ಮಾತ್ರ ಜೋಡ ಸಾಲು. ಎರಡನ್ನೂ ನಾನು ಬರೆದಿಟ್ಟಿದ್ದೇನೆ. ನಿಮ್ಮ ಊರುಗಳಲ್ಲಿ ಈ ಟಾಕಾಗಳಿಗೆ ಏನಂತಾರೆ ಅಂತ ದಯವಿಟ್ಟು ಕೇಳಿ ತಿಳಿಸಿ. ನನ್ನ ಮಾತು ಮುಗಿಸ್ತೀನಿ.