ಪೆಟಾಫ್ಲಾಪ್ ಹೆಚ್ಚಿದ್ದರೆ ಎಲ್ಲ ಕೆಲಸವೂ ಬೇಗ ಮುಗಿಯುತ್ತದೆಯೇ?

ಮಳೆಗಾಲ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, 'ನಮ್ಮ ಸೂಪರ್‌ಕಂಪ್ಯೂಟರ್ ಇಷ್ಟು ಪೆಟಾಫ್ಲಾಪ್, ಹೆಮ್ಮೆಯಿಂದ ಶೇರ್ ಮಾಡಿ' ಎನ್ನುವುದು. ಇನ್ನೊಂದು, 'ಇಷ್ಟೊಂದು ಕೋಟಿ ಸುರಿಯುವ ಬದಲು ಎಐ ಚಿಪ್ ತಂದಿದ್ದರೆ ಹತ್ತು ಪಟ್ಟು ವೇಗ ಸಿಗುತ್ತಿತ್ತು' ಎನ್ನುವುದು. ಹೊಗಳುವವರೂ ತೆಗಳುವವರೂ ನಂಬಿರುವುದು ಒಂದೇ ಮಾತನ್ನು: ಕಂಪ್ಯೂಟರಿನ ವೇಗವನ್ನು ಒಂದು ಸಂಖ್ಯೆಯಲ್ಲಿ ಹೇಳಬಹುದು, ಅದು ದೊಡ್ಡದಾದಷ್ಟೂ ಎಲ್ಲ ಕೆಲಸಕ್ಕೂ ಒಳ್ಳೆಯದು. ಇದು ತಪ್ಪು. ಯಾಕೆ ತಪ್ಪು ಎಂದು ಇಲ್ಲಿ ನೋಡೋಣ.

ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ 1ರ ಮುಂದೆ 15 ಸೊನ್ನೆ ಇಟ್ಟಷ್ಟು ದಶಮಾಂಶ ಲೆಕ್ಕ ಮಾಡುವ ಸಾಮರ್ಥ್ಯ. ಆದರೆ ಎಂಥ ಲೆಕ್ಕ ಎನ್ನುವುದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. ಪುಣೆಯ ಸಿ-ಡ್ಯಾಕ್‌ನಲ್ಲಿರುವ 'ಐರಾವತ್' ಯಂತ್ರವನ್ನೇ ನೋಡಿ. 2023ರಲ್ಲಿ ಇದು ವಿಶ್ವದ ಟಾಪ್ 500 ಪಟ್ಟಿಯಲ್ಲಿ 75ನೇ ಸ್ಥಾನ ಪಡೆಯಿತು. ಅದನ್ನು 200 'ಎಐ ಪೆಟಾಫ್ಲಾಪ್' ಯಂತ್ರ ಎಂದು ಪರಿಚಯಿಸಲಾಗಿತ್ತು. ಪೂರ್ಣ ನಿಖರತೆಯ ಲೆಕ್ಕದಲ್ಲಿ ಅದೇ ಯಂತ್ರದ ಗರಿಷ್ಠ ಸಾಮರ್ಥ್ಯ ಸುಮಾರು 13 ಪೆಟಾಫ್ಲಾಪ್. ಎರಡೂ ಸಂಖ್ಯೆ ನಿಜ. ಎಐ ತರಬೇತಿಗೆ ಎರಡು ಮೂರು ಅಂಕಿಗಳ ಒರಟು ಲೆಕ್ಕ ಸಾಕಾಗುತ್ತದೆ, ಹಾಗಾಗಿ ಜಿಪಿಯುಗಳು ಅದನ್ನು ಬಹಳ ಬೇಗ ಮಾಡಿಬಿಡುತ್ತವೆ. ವಿಜ್ಞಾನದ ಬಹಳಷ್ಟು ಲೆಕ್ಕಗಳಿಗೆ 15–16 ಅಂಕಿಗಳ ನಿಖರತೆ ಬೇಕು. 200 ಎಂಬ ಸಂಖ್ಯೆಯನ್ನು ಹವಾಮಾನ ಇಲಾಖೆಯ ಯಂತ್ರದ ಪಕ್ಕದಲ್ಲಿಟ್ಟು ಹೋಲಿಸಿದರೆ ಅಡಿಕೆಯನ್ನೂ ಅಕ್ಕಿಯನ್ನೂ ಒಂದೇ ಸೇರಿನಲ್ಲಿ ಅಳೆದು ಬೆಲೆ ಕಟ್ಟಿದಂತೆ.

ಭಟ್ಟರು ಚುರುಕು, ಉಗ್ರಾಣದ ಬಾಗಿಲು ಕಿರಿದು

ಹವಾಮಾನ ಲೆಕ್ಕದ ಕಷ್ಟ ಬೇರೆಯೇ. ವಾತಾವರಣವನ್ನು ಚೌಕಚೌಕವಾಗಿ ಭಾಗ ಮಾಡಿ, ಪ್ರತಿ ಚೌಕದ ಗಾಳಿ, ತೇವ, ಒತ್ತಡ, ಉಷ್ಣಾಂಶವನ್ನು ಕೆಲವು ನಿಮಿಷಗಳಷ್ಟು ಮುಂದಕ್ಕೆ ಲೆಕ್ಕ ಹಾಕುತ್ತಾರೆ. ಮತ್ತೆ ಅಷ್ಟೇ ಮುಂದಕ್ಕೆ, ಹೀಗೆ ಹತ್ತು ದಿನಗಳವರೆಗೆ. ಪ್ರತಿ ಹೆಜ್ಜೆಯಲ್ಲೂ ಮೆಮೊರಿಯಿಂದ ರಾಶಿ ರಾಶಿ ಮಾಹಿತಿ ತರಬೇಕು, ಅದರ ಮೇಲೆ ಮಾಡುವ ಲೆಕ್ಕ ಮಾತ್ರ ಸ್ವಲ್ಪವೇ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಎಷ್ಟೇ ಚುರುಕಾಗಿದ್ದರೂ ಉಗ್ರಾಣದಿಂದ ಸಾಮಾನು ಬರುವುದು ತಡವಾದರೆ ಕೈಕಟ್ಟಿ ನಿಲ್ಲಬೇಕಲ್ಲ, ಪ್ರೊಸೆಸರ್ ಕಥೆಯೂ ಹಾಗೆಯೇ. ಇಲ್ಲಿ ಪೆಟಾಫ್ಲಾಪ್‌ಗಿಂತ ಮೆಮೊರಿಯ ದಾರಿ ಎಷ್ಟು ಅಗಲ ಎನ್ನುವುದು ಮುಖ್ಯ.

ಇದಕ್ಕೆ ಒಳ್ಳೆಯ ಸಾಕ್ಷಿ 2024ರ ಜೂನ್ ಪಟ್ಟಿ. ಅಮೆರಿಕದ 'ಫ್ರಾಂಟಿಯರ್' 1,206 ಪೆಟಾಫ್ಲಾಪ್‌ನೊಂದಿಗೆ ಮೊದಲಿತ್ತು. ಜಪಾನಿನ 'ಫುಗಾಕು' ಪಡೆದದ್ದು 442. ಆದರೆ ಮೆಮೊರಿಯನ್ನು ಸತತವಾಗಿ ಕೆದಕುವ ಎಚ್‌ಪಿಸಿಜಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಫುಗಾಕು 16 ಪೆಟಾಫ್ಲಾಪ್ ಪಡೆದು ಮೊದಲು ಬಂತು, ಫ್ರಾಂಟಿಯರ್ ಸುಮಾರು 14ಕ್ಕೆ ನಿಂತಿತು. ಫುಗಾಕುವಿನಲ್ಲಿ ಜಿಪಿಯುಗಳೇ ಇಲ್ಲ. ಅದರ ಮೆಮೊರಿಯನ್ನು ಪ್ರೊಸೆಸರಿನ ಮಗ್ಗುಲಲ್ಲೇ ಕೂರಿಸಿದ್ದಾರೆ. ಇನ್ನೊಂದು ವಿಷಯ ಗಮನಿಸಿ: 1,206 ಎಂದು ಹೆಸರು ಮಾಡಿದ ಯಂತ್ರ ಇಂಥ ಕೆಲಸದಲ್ಲಿ ಕೊಟ್ಟದ್ದು ಅದರ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ.

ಮೆಮೊರಿಯ ನಂತರ ಜಾಲದ ಸರದಿ. ಒಂದು ಚೌಕದ ಗಾಳಿ ಪಕ್ಕದ ಚೌಕಕ್ಕೆ ಹೋಗಲೇಬೇಕು. ಆ ಪಕ್ಕದ ಚೌಕ ಬೇರೆ ಸರ್ವರ್‌ನಲ್ಲಿದ್ದರೆ ಪ್ರತಿ ಹೆಜ್ಜೆಯಲ್ಲೂ ಸುದ್ದಿ ರವಾನೆಯಾಗಬೇಕು, ಅದು ತಲುಪುವವರೆಗೆ ಎಲ್ಲರೂ ಕಾಯಬೇಕು. ಆದ್ದರಿಂದಲೇ ಸಾವಿರ ಸಾಧಾರಣ ಕಂಪ್ಯೂಟರುಗಳನ್ನು ಕಚೇರಿಯ ಮಾಮೂಲಿ ಕೇಬಲ್ಲಿನಲ್ಲಿ ಜೋಡಿಸಿದರೆ ಮಳೆ ಮುನ್ಸೂಚನೆಯ ಯಂತ್ರ ಆಗುವುದಿಲ್ಲ. ಆದರೆ ಅದೇ ಜೋಡಣೆ ಸಿನಿಮಾ ಅನಿಮೇಷನ್‌ಗೆ ಧಾರಾಳವಾಗಿ ಸಾಕು. ಅಲ್ಲಿ ಒಂದು ಫ್ರೇಮ್ ಇನ್ನೊಂದನ್ನು ಕಾಯಬೇಕಾಗಿಲ್ಲ.

ಬೇರೆ ಕೆಲಸಗಳಿಗೆ ಬೇರೆ ಸರ್ವರ್. ಜೀನೋಮ್‌ನ ಚೂರುಗಳನ್ನು ಮೊದಲಿನಿಂದ ಜೋಡಿಸುವವರಿಗೆ ಒಂದೇ ಯಂತ್ರದಲ್ಲಿ ಭಾರೀ ಮೆಮೊರಿ ಬೇಕು. ಔಷಧದ ಅಣುಗಳ ಚಲನೆ ನೋಡುವವರಿಗೆ ಜಿಪಿಯು ಚೆನ್ನಾಗಿ ಒದಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್‌ನ 'ಪರಂ ಪ್ರವೇಗ'ದಲ್ಲಿ ಸಾಮಾನ್ಯ ಸರ್ವರ್, ಹೆಚ್ಚು ಮೆಮೊರಿಯ ಸರ್ವರ್, ಜಿಪಿಯು ಸರ್ವರ್ ಮೂರನ್ನೂ ಇಟ್ಟಿರುವುದು ಇದಕ್ಕೇ. ಒಂದು ವಿಶ್ವವಿದ್ಯಾಲಯದಲ್ಲಿ ಎಲ್ಲ ಬಗೆಯ ಸಂಶೋಧಕರೂ ಇರುತ್ತಾರೆ.

ಹಾಗಾದರೆ ಆ ಕೋಟಿಗಳು?

ಫಾರ್ವರ್ಡ್‌ಗಳಲ್ಲಿ ಬರುವ 850 ಕೋಟಿ ರೂಪಾಯಿ ಲೆಕ್ಕ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಹವಾಮಾನ ಯಂತ್ರಗಳದ್ದು. ಪುಣೆಯ ಐಐಟಿಎಂನಲ್ಲಿ 11.77 ಪೆಟಾಫ್ಲಾಪ್‌ನ 'ಅರ್ಕ', ನೋಯ್ಡಾದಲ್ಲಿ 8.24 ಪೆಟಾಫ್ಲಾಪ್‌ನ 'ಅರುಣಿಕಾ'. ಇದರ ಜೊತೆಗೇ ಎಐ ಕೆಲಸಕ್ಕೆಂದು 1.9 ಪೆಟಾಫ್ಲಾಪ್‌ನ ಪ್ರತ್ಯೇಕ ಯಂತ್ರವೂ ಬಂದಿದೆ. ಅಂದರೆ 'ಎಐ ಚಿಪ್ ತರಬಹುದಿತ್ತು' ಎನ್ನುವವರ ಸಲಹೆ ಆಗಲೇ ಜಾರಿಯಾಗಿದೆ, ಬೇಕಾದಷ್ಟು ಪ್ರಮಾಣದಲ್ಲಿ.

ಎಲ್ಲವನ್ನೂ ಜಿಪಿಯುಗೆ ಸಾಗಿಸುವುದು ಅಸಾಧ್ಯವೇನಲ್ಲ. ಸ್ವಿಟ್ಜರ್ಲೆಂಡಿನ ಹವಾಮಾನ ಸಂಸ್ಥೆ 2016ರಲ್ಲಿ ದಿನನಿತ್ಯದ ಮುನ್ಸೂಚನೆಯನ್ನೇ ಜಿಪಿಯುಗಳ ಮೇಲೆ ಓಡಿಸಲು ಶುರುಮಾಡಿತು. ಆದರೆ ಚಿಪ್ ಕೊಂಡ ಮಾತ್ರಕ್ಕೆ ಅದು ಆಗಲಿಲ್ಲ. ಹವಾಮಾನ ಮಾದರಿಗಳು ಬಹುಪಾಲು ಫೋರ್ಟ್ರಾನ್ ಎಂಬ ಹಳೆಯ ಭಾಷೆಯಲ್ಲಿ, ದಶಕಗಳಿಂದ ಸೇರಿಸುತ್ತಾ ಬಂದ ಲಕ್ಷಾಂತರ ಸಾಲುಗಳಲ್ಲಿವೆ. ಅವರು ತಮ್ಮ ಮಾದರಿಯ ಮುಖ್ಯ ಭಾಗವನ್ನು ಹೊಸದಾಗಿ ಬರೆಯಬೇಕಾಯಿತು. ಸಾಫ್ಟ್‌ವೇರ್ ಸಿದ್ಧವಿಲ್ಲದೆ ಜಿಪಿಯು ತಂದರೆ ಅದು ಕರೆಂಟ್ ತಿನ್ನುತ್ತಾ ಸುಮ್ಮನೆ ಕೂರುತ್ತದೆ.

2025ರ ಮೇ ತಿಂಗಳಲ್ಲಿ ಚಾಲನೆಗೊಂಡ 'ಭಾರತ್ ಫೋರ್‌ಕಾಸ್ಟ್ ಸಿಸ್ಟಂ' ಚೌಕದ ಅಳತೆಯನ್ನು 12 ಕಿಲೋಮೀಟರಿನಿಂದ 6ಕ್ಕೆ ಇಳಿಸಿದೆ. ಬದಿ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಸಮಯದ ಹೆಜ್ಜೆಯೂ ಅರ್ಧವಾಗಬೇಕು, ಹಾಗಾಗಿ ಒಟ್ಟು ಕೆಲಸ ಸುಮಾರು ಎಂಟು ಪಟ್ಟು. ನಾಳೆಯ ಮಳೆಯ ಲೆಕ್ಕ ನಾಳಿದ್ದು ಮುಗಿದರೆ ಮೀನುಗಾರರಿಗೂ ಪ್ರಯೋಜನವಿಲ್ಲ, ಅಣೆಕಟ್ಟೆಯ ಗೇಟು ತೆಗೆಯುವವರಿಗೂ ಇಲ್ಲ. ಹೊಸ ಯಂತ್ರದ ಬಹುಪಾಲು ಶಕ್ತಿ ಹೋಗುವುದು ಈ ಎಂಟು ಪಟ್ಟು ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದಕ್ಕೆ.