ಎಂಜಲಿನ ಕಾವಲುಗಾರ...

ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಆದಮೇಲೆ ಅಪ್ಪನ ಬಾಯಿ ಒಣಗಿಹೋಯ್ತು. ಎರಡು ತುತ್ತು ಅನ್ನಕ್ಕೆ ಒಂದು ಲೋಟ ನೀರು ಬೇಕು. ವರ್ಷ ಕಳೆಯೋದರೊಳಗೆ, ಅಲ್ಲಿವರೆಗೂ ಗಟ್ಟಿಯಾಗಿದ್ದ ಹಲ್ಲುಗಳು ಒಂದೊಂದಾಗಿ ಹುಳುಕಾದವು. "ಜೊಲ್ಲು ಇಲ್ಲ ಅಂದ್ರೆ ಹಲ್ಲಿಗೆ ಕಾವಲೇ ಇಲ್ಲ" ಅಂದರು ಹಲ್ಲಿನ ಡಾಕ್ಟರು. ಎಂಜಲು ಅಂದರೆ ಮೂಗು ಮುರಿಯೋ ಮನೆಯಲ್ಲಿ ಬೆಳೆದವನು ನಾನು. ಈ ಕಾವಲುಗಾರನನ್ನ ಗುರುತಿಸಿದವರು ಯಾರು ಅಂತ ಹುಡುಕುತ್ತಾ ಹೋದೆ.

ಕತೆ ಶುರುವಾಗೋದು 1683ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ. ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನ ಮಳೆನೀರಿನಲ್ಲೋ ತನ್ನದೇ ಉಗುಳಿನಲ್ಲೋ ಕಲಸಿ, ತಾನೇ ಮಾಡಿದ ಮಸೂರದಲ್ಲಿ ನೋಡಿದ. ಪುಟಾಣಿ ಜೀವಿಗಳು ಓಡಾಡ್ತಿದ್ದವು! ಅವನಿಗೆ ಉಗುಳು ಬರೀ ಕಲಸೋಕೆ ನೀರು, ಅಷ್ಟೆ.

1922ರಲ್ಲಿ ಲಂಡನ್ನಿನ ಫ್ಲೆಮಿಂಗ್ (ಹೌದು, ಆರು ವರ್ಷದ ನಂತರ ಪೆನಿಸಿಲಿನ್ ಕಂಡ ಅದೇ ಫ್ಲೆಮಿಂಗ್!) ಸಿಂಬಳ, ಕಣ್ಣೀರು, ಜೊಲ್ಲಿನಲ್ಲಿ ಬ್ಯಾಕ್ಟೀರಿಯಾ ಕರಗಿಸೋ ಲೈಸೋಜೈಮ್ ಇದೆ ಅಂತ ತೋರಿಸಿದ. ಆದರೆ ರೋಗ ತರುವ ಬಹಳಷ್ಟು ಬ್ಯಾಕ್ಟೀರಿಯಾಗಳು ಅದಕ್ಕೆ ಜಗ್ಗಲಿಲ್ಲ.

1965ರಲ್ಲಿ ಅಮೆರಿಕದ ಥಾಮಸ್ ಟೊಮಾಸಿ ಮತ್ತು ಸಂಗಡಿಗರು, ಜೊಲ್ಲಿನ ಐಜಿಎ ಪ್ರತಿಕಾಯ ರಕ್ತದಿಂದ ಸೋರಿ ಬಂದದ್ದಲ್ಲ, ಬೇರೆಯದೇ ವ್ಯವಸ್ಥೆ ಅಂದರು. 1972ರಲ್ಲಿ ವಿಲಿಯಮ್ಸ್ ಮತ್ತು ಗಿಬ್ಬನ್ಸ್ ಅದರ ಕೆಲಸ ತೋರಿಸಿದರು: ಬ್ಯಾಕ್ಟೀರಿಯಾ ಕೆನ್ನೆಯ ಒಳಗಿನ ಜೀವಕೋಶಗಳಿಗೆ ಅಂಟದ ಹಾಗೆ ಅದು ತಡೆಯುತ್ತೆ. ಕೊಲ್ಲಲೇಬೇಕು ಅಂತಿಲ್ಲ, ಅಂಟದಿದ್ದರೆ ನುಂಗಿಬಿಡಬಹುದು. ಮುಂದಿನದು ಹೊಟ್ಟೆಯ ಆಮ್ಲದ ಪಾಲು.

ನನಗೆ ಭಾರೀ ಇಷ್ಟವಾದದ್ದು ಇಲ್ಲಿಂದ ಮುಂದಿನ ಕತೆ. 1983ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ರುಂಡೆಗ್ರೆನ್, ಹಲ್ಲು ಹುಳುಕು ಮಾಡೋ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಅನ್ನ ಗಂಟುಗಂಟಾಗಿ ಕಟ್ಟಿಹಾಕೋ ಜೊಲ್ಲಿನ ಒಂದು ದೊಡ್ಡ ಪ್ರೋಟೀನಿನ ಬಗ್ಗೆ ಬರೆದರು. ಹೆಸರು ಅಗ್ಲುಟಿನಿನ್. ಅದು ಬ್ಯಾಕ್ಟೀರಿಯಾನೂ ಹಿಡಿಯುತ್ತೆ, ಐಜಿಎಯನ್ನೂ ಹಿಡಿಯುತ್ತೆ. 1997ರಲ್ಲಿ ಶ್ವಾಸಕೋಶದಲ್ಲಿ ಜಿಪಿ-340 ಅನ್ನೋ ಪ್ರೋಟೀನು ಸಿಕ್ಕಿತು. ಅದೇ ವರ್ಷ ಮಿದುಳಿನ ಕೆಲವು ಗಡ್ಡೆಗಳಲ್ಲಿ ಕಾಣೆಯಾಗಿದ್ದ ಡಿಎಂಬಿಟಿ1 ಅನ್ನೋ ಜೀನೂ ಸಿಕ್ಕಿತು. ಕೊನೆಗೆ ನೋಡಿದರೆ ಜೊಲ್ಲಿನದೂ ಶ್ವಾಸಕೋಶದ್ದೂ ಒಂದೇ ಪ್ರೋಟೀನು (ಇದು ಖಚಿತವಾದದ್ದು 2000ದಲ್ಲಿ), ಅದನ್ನ ಮಾಡಿಸೋದು ಆ ಜೀನೇ! ಕುರುಡರು ಆನೆ ಮುಟ್ಟಿದ ಕತೆ ನೆನಪಾಯ್ತು :-)

ಕಾವಲುಗಾರ ಪೂರ್ತಿ ಪ್ರಾಮಾಣಿಕನೇನೂ ಅಲ್ಲ. ಜೊಲ್ಲಿನಲ್ಲಿ ತೇಲುತ್ತಿರುವಾಗ ಬ್ಯಾಕ್ಟೀರಿಯಾ ಕಟ್ಟಿಹಾಕುವ ಇದೇ ಪ್ರೋಟೀನು, ಹಲ್ಲಿನ ಮೇಲೆ ಪೊರೆಯಾಗಿ ಕೂತಾಗ ಅವಕ್ಕೇ ಅಂಟಿಕೊಳ್ಳಲು ಜಾಗ ಕೊಡುತ್ತೆ. ಆದರೂ ಹರಿಯೋ ಜೊಲ್ಲು ಇದ್ದಷ್ಟು ದಿನ ಲೆಕ್ಕ ಹೇಗೋ ಸರಿಹೋಗುತ್ತೆ.

ಅಪ್ಪನಿಗೆ ಆ ಹರಿವೇ ನಿಂತುಹೋಗಿದೆ. ಈಗ ಕೃತಕ ಜೊಲ್ಲಿನ ಸ್ಪ್ರೇ ಇದೆ. ಬಾಯಿ ಒದ್ದೆ ಮಾಡುತ್ತೆ, ಅದರಲ್ಲಿ ಈ ಕಾವಲುಗಾರರು ಯಾರೂ ಇಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕುತ್ತಿಗೆ, ಬಾಯಿಯ ಭಾಗಕ್ಕೆ ರೇಡಿಯೇಷನ್ ಅಂತ ಆದರೆ, ಶುರುವಾಗೋ ಮೊದಲೇ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ನಮಗೆ ಅದು ಗೊತ್ತಿರಲಿಲ್ಲ.