ರಸ್ತೆಯ ಮಳೆನೀರಿನಿಂದ ಅಂತರ್ಜಲ ಮರುಪೂರಣ: ಬೆಂಗಳೂರು ಪೂರ್ವ ಭಾಗದ ನಿದರ್ಶನ

ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನೆಲದ ಬಹುಭಾಗ ಡಾಂಬರು ಮತ್ತು ಕಾಂಕ್ರೀಟಿನಿಂದ ಮುಚ್ಚಿರುವುದರಿಂದ ಈ ನೀರು ಇಂಗದೆ ಚರಂಡಿ ಸೇರುತ್ತದೆ. ಹಲಸೂರು ಕೆರೆಯಿಂದ ಹೊರಬಿದ್ದ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಆದ್ದರಿಂದ ನಗರದ ರಸ್ತೆಯ ನೀರಿನ ಗುಣಮಟ್ಟವು ಕೆಳಭಾಗದ ರೈತರಿಗೂ ಸಂಬಂಧಿಸಿದ ವಿಷಯ.

ಮೆಟ್ರೊ ಮಾರ್ಗದ ಮಾದರಿ

2011ರ ಅಕ್ಟೋಬರ್ 20ರಂದು ಆರಂಭವಾದ ಮಹಾತ್ಮ ಗಾಂಧಿ ರಸ್ತೆ–ಬೈಯಪ್ಪನಹಳ್ಳಿ ಮಾರ್ಗವು ಹಲಸೂರು, ಇಂದಿರಾನಗರಗಳಲ್ಲಿ ಎತ್ತರಿಸಿದ ಸೇತುವೆಯ ಮೇಲಿದೆ. ಅಲ್ಲಿ ಬಿದ್ದ ಮಳೆನೀರನ್ನು ಕಂಬಗಳ ಕೊಳವೆಗಳ ಮೂಲಕ ಇಳಿಸಿ ರಸ್ತೆ ವಿಭಜಕದಲ್ಲಿ ಸಂಗ್ರಹಿಸುವ ವ್ಯವಸ್ಥೆ ಮಾಡಲಾಗಿದೆ. ಮೋಟಾರು ವಾಹನಗಳು ಓಡಾಡದ ಈ ಮೇಲ್ಮೈಯ ನೀರು ರಸ್ತೆಯ ನೀರಿಗಿಂತ ಶುದ್ಧ.

ನೀರಿನ ಲೆಕ್ಕ

1 ಚ.ಮೀ. ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಮೀ. ಉದ್ದ, 10 ಮೀ. ಅಗಲದ ರಸ್ತೆಯಲ್ಲಿ 20 ಮಿ.ಮೀ. ಮಳೆಯಾದರೆ, ಶೇ. 80ರಷ್ಟು ಹರಿದುಬಂದರೂ 16,000 ಲೀಟರ್ ದೊರೆಯುತ್ತದೆ. 1.2 ಮೀ. ವ್ಯಾಸ, 3 ಮೀ. ಆಳದ ರಿಂಗ್ ಇಂಗುಗುಂಡಿಯಲ್ಲಿ ಸುಮಾರು 3,400 ಲೀಟರ್ ನಿಲ್ಲುತ್ತದೆ. ಅಂದರೆ 20 ಮೀ.ಗೆ ಒಂದರಂತೆ 5 ಗುಂಡಿಗಳು ಸಾಕು.

ಅನುಸರಿಸಬೇಕಾದ ಕ್ರಮಗಳು

• ಗುಂಡಿಗೆ ಮುನ್ನ ಜಾಳಿಗೆ ಮತ್ತು ಹೂಳು ತಂಗುವ ತೊಟ್ಟಿ ಇರಬೇಕು.
• ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಕಬಾರದು. ತಳವು ಅಂತರ್ಜಲ ಮಟ್ಟಕ್ಕಿಂತ ಕನಿಷ್ಠ 2 ಮೀ. ಮೇಲಿರಬೇಕು. ಕೆರೆಯಂಚಿನಲ್ಲಿ ಇದನ್ನು ಅವಶ್ಯ ಪರೀಕ್ಷಿಸಬೇಕು.
• ಮುಂಗಾರಿನ ಮೊದಲ ಒಂದೆರಡು ಮಳೆಗಳ ನೀರನ್ನು ಹೊರಬಿಡಬೇಕು.
• ಒಳಚರಂಡಿ ನೀರು ಬೆರೆಯುವ ಕಾಲುವೆಗೆ ಜೋಡಿಸಬಾರದು.
• ಮಳೆಗಾಲಕ್ಕೆ ಮೊದಲು ಮತ್ತು ನಡುವೆ ಹೂಳು ತೆಗೆಯಬೇಕು. ಹೂಳು ಕಟ್ಟಿದ ಗುಂಡಿಯಲ್ಲಿ ನೀರು ಇಂಗುವುದಿಲ್ಲ.

ವಿಶೇಷ ಎಚ್ಚರಿಕೆ

ರಸ್ತೆಯ ನೀರಿನಲ್ಲಿ ಎಣ್ಣೆಯ ಅಂಶ ಹಾಗೂ ಟೈರ್, ಬ್ರೇಕುಗಳ ದೂಳಿನಿಂದ ಬರುವ ಸತು, ತಾಮ್ರಗಳಿರುತ್ತವೆ. ಇಂಗುಗುಂಡಿಯಲ್ಲಿ ಮಣ್ಣಿನ ಪದರಗಳು ಇವುಗಳ ಬಹುಭಾಗವನ್ನು ತಡೆಹಿಡಿಯುತ್ತವೆ. ಕೊಳವೆಬಾವಿಗೆ ನೇರವಾಗಿ ಬಿಟ್ಟರೆ ಈ ಸೋಸುವಿಕೆ ನಡೆಯದೆ ಮಾಲಿನ್ಯ ಬಂಡೆಯ ಬಿರುಕುಗಳನ್ನು ಸೇರುತ್ತದೆ. ಒಮ್ಮೆ ಕೆಟ್ಟ ಅಂತರ್ಜಲವನ್ನು ಸರಿಪಡಿಸುವುದು ಬಹಳ ಕಷ್ಟ. ಅಕ್ಕಪಕ್ಕದ ಬಾವಿಗಳೂ ಕೆಡಬಹುದು. ಆದಕಾರಣ ಕೊಳವೆಬಾವಿ ಮರುಪೂರಣಕ್ಕೆ ಸೋಸಿದ ಚಾವಣಿ ನೀರನ್ನು ಮಾತ್ರ ಬಳಸಿ, ರಸ್ತೆಯ ನೀರನ್ನು ಕುಡಿಯುವ ನೀರಿನ ಬಾವಿಗಳಿಂದ ದೂರದ ಇಂಗುಗುಂಡಿಗಳಿಗೆ ಹರಿಸುವುದು ಸೂಕ್ತ. ಹಳ್ಳಿಯ ರಸ್ತೆಬದಿಯ ಜಮೀನುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.